ಸಾವನದುರ್ಗ ಬಿದ್ದದ್ದು ಒಂದು ಗಂಟೆಯಲ್ಲಲ್ಲ

ತಿಪ್ಪಸಂದ್ರ ಹೋಬಳಿಯಲ್ಲಿ ನಾವಿರುವುದು ಎರಡು ಬೆಟ್ಟಗಳ ನಡುವೆ. ಒಂದು ಕಡೆ ಸಾವನದುರ್ಗ, ಇನ್ನೊಂದು ಕಡೆ ಹುತ್ರಿದುರ್ಗ. 1791ರ ಡಿಸೆಂಬರಿನಲ್ಲಿ ಎರಡೂ ಒಂದೇ ವಾರದೊಳಗೆ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ಪಾಲಾದವು. 21ಕ್ಕೆ ಸಾವನದುರ್ಗ, 24ಕ್ಕೆ ಹುತ್ರಿದುರ್ಗ. ಅದೇ ಹೊತ್ತಿನಲ್ಲಿ ರಾಮಗಿರಿ, ಶಿವನಗಿರಿಗಳೂ ಹೋದವು.

ಹೇಗೆ ಹೋದವು ಎಂದು ನಮ್ಮ ಕಡೆಯ ಟೀ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಎರಡೇ ಉತ್ತರ. ನಾಲ್ಕಕ್ಷರ ಓದಿಕೊಂಡವರು, "ಒಂದು ಗಂಟೆಯೂ ಹಿಡಿಯಲಿಲ್ಲವಂತೆ, ಒಬ್ಬ ಇಂಗ್ಲಿಷಿನವನೂ ಸಾಯಲಿಲ್ಲವಂತೆ" ಅನ್ನುತ್ತಾರೆ. ಉಳಿದವರು ಬೀಡಿ ಹೊಗೆ ಬಿಡುತ್ತಾ, "ಒಳಗಿದ್ದೋರೇ ಯಾರೋ ಬಾಗಿಲು ತೆಗೆದಿರ್ತಾರೆ ಬಿಡಿ" ಅನ್ನುತ್ತಾರೆ. ಮೊದಲನೆಯದು ಇಂಗ್ಲಿಷರ ಪುಸ್ತಕದಿಂದ ಬಂದ ಮಾತು. ಎರಡನೆಯದು ಶ್ರೀರಂಗಪಟ್ಟಣದ ಮೀರ್ ಸಾದಿಕನ ದ್ರೋಹದ ಕಥೆಯನ್ನು ಇಲ್ಲಿಯವರೆಗೂ ಎಳೆದು ತಂದ ಮಾತು. ಪ್ರವಾಸಿ ಪುಸ್ತಕ, ಯೂಟ್ಯೂಬಿನ ಚಾರಣದ ವಿಡಿಯೊ, ಶಾಲೆಯ ಭಾಷಣ, ಎಲ್ಲ ಕಡೆಯೂ ಈ ಎರಡೇ ಸುತ್ತಾಡುತ್ತಿವೆ.

ಎರಡನ್ನೂ ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ನನ್ನ ಹತ್ತಿರ ಹೊಸ ದಾಖಲೆ ಏನೂ ಇಲ್ಲ. ಇರುವುದು ಇಂಗ್ಲಿಷರದೇ ದಾಖಲೆ ಮತ್ತು ಕಣ್ಣೆದುರಿಗಿರುವ ಬೆಟ್ಟ. ಅವೆರಡನ್ನೂ ಎದುರುಬದುರು ಕೂರಿಸಿದರೆ ಸಾಕು.

ದಾಖಲೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ನಾವು ಉಲ್ಲೇಖಿಸುವ ಮಾತುಗಳಲ್ಲಿ ಹೆಚ್ಚಿನವು ಇಬ್ಬರಿಂದ ಬಂದವು. ಒಬ್ಬ ಮೇಜರ್ ಅಲೆಕ್ಸಾಂಡರ್ ಡಿರಮ್. ಇಂಗ್ಲಿಷ್ ರಾಜನ ಪಡೆಗಳ ಡೆಪ್ಯುಟಿ ಅಡ್ಜುಟೆಂಟ್ ಜನರಲ್ ಆಗಿದ್ದವನು, ಅಂದರೆ ಸೈನ್ಯದ ಲೆಕ್ಕಪತ್ರ, ಆಜ್ಞೆ, ಗಾಯಾಳುಗಳ ಪಟ್ಟಿ ಇಡುವ ಕಚೇರಿಯವನು. ಯುದ್ಧ ಮುಗಿದ ಮರುವರ್ಷ, 1793ರಲ್ಲಿ, ಲಂಡನ್ನಿನಲ್ಲಿ ಅವನ ಪುಸ್ತಕ ಬಂತು. ಇನ್ನೊಬ್ಬ ಮಾರ್ಕ್ ವಿಲ್ಕ್ಸ್. ಮುಂದೆ ಮೈಸೂರಿನ ರೆಸಿಡೆಂಟ್ ಆಗಿ ದಕ್ಷಿಣ ಭಾರತದ ದೊಡ್ಡ ಚರಿತ್ರೆ ಬರೆದವನು. ಚರಿತ್ರೆಕಾರನೆಂದು ನಾವು ಅವನಿಗೆ ಮಣೆ ಹಾಕುತ್ತೇವೆ. ಆದರೆ ಈ ಯುದ್ಧದ ವರ್ಷಗಳಲ್ಲಿ ವಿಲ್ಕ್ಸ್ ಕರ್ನಲ್ ಜೇಮ್ಸ್ ಸ್ಟುವರ್ಟನ ಆಪ್ತ ಅಧಿಕಾರಿ. ಸಾವನದುರ್ಗದ ಮುತ್ತಿಗೆಯ ದಳಪತಿ ಯಾರು? ಅದೇ ಸ್ಟುವರ್ಟ್. ಗೆದ್ದವನ ವರದಿಯೂ ಆಮೇಲಿನ ಚರಿತ್ರೆಯೂ ಒಂದೇ ಡೇರೆಯಿಂದ ಎದ್ದು ಬಂದಿವೆ. ಒಂದನ್ನು ಇನ್ನೊಂದಕ್ಕೆ ಸಾಕ್ಷಿ ಮಾಡಿದರೆ ಗಂಡನ ಮಾತಿಗೆ ಹೆಂಡತಿ ಸಾಕ್ಷಿ ಹೇಳಿದ ಹಾಗೆ.

ಹಾಗಂತ ಡಿರಮ್ ಸುಳ್ಳುಗಾರ ಎಂದು ನಾನು ಹೇಳುತ್ತಿಲ್ಲ. ತಾರೀಖುಗಳನ್ನು ನಂಬಬಹುದು. ಡಿಸೆಂಬರ್ 10ಕ್ಕೆ ಸ್ಟುವರ್ಟನ ದಂಡು ಬೆಟ್ಟದ ಉತ್ತರಕ್ಕೆ ಬೀಡುಬಿಟ್ಟಿತು. 17ಕ್ಕೆ ತೋಪುಗಳು ಗುಂಡು ಹಾರಿಸಲು ಶುರುಮಾಡಿದವು. 21ರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, 52ನೇ ರೆಜಿಮೆಂಟಿನ ಬ್ಯಾಂಡು ಬಾರಿಸುತ್ತಿದ್ದಂತೆ, ಒಡೆದ ಗೋಡೆಯ ಮೇಲೆ ದಾಳಿ ನಡೆಯಿತು. ಒಂದು ಗಂಟೆಯೊಳಗೆ ಎರಡೂ ಶಿಖರ ಕೈವಶ. ದಾಳಿ ಮಾಡಿದವರಲ್ಲಿ ಒಬ್ಬನೇ ಒಬ್ಬನಿಗೆ ಗಾಯ. ಇಷ್ಟರ ಬಗ್ಗೆ ನನ್ನ ತಕರಾರಿಲ್ಲ. ಇದು ಹೇಗಾಯಿತು, ಯಾಕಾಯಿತು ಎಂದು ಅವರು ಕೊಡುವ ವಿವರಣೆಯ ಮೇಲೆ ನನ್ನ ತಕರಾರು.

ಹೆಸರಿನಿಂದಲೇ ಶುರು ಮಾಡೋಣ. ಡಿರಮ್ ಸಾವನದುರ್ಗವನ್ನು 'ಸಾವಿನ ಬಂಡೆ' ಎಂದು ಅರ್ಥ ಬಿಡಿಸುತ್ತಾನೆ. ದಂಡಿನ ಜೊತೆಗಿದ್ದ ಯಾರೋ ದುಭಾಷಿ 'ಸಾವು' ಎಂಬ ತುಂಡನ್ನು ಹಿಡಿದುಕೊಟ್ಟಿರಬೇಕು. ನಮ್ಮ ಮಾಗಡಿ ತಾಲ್ಲೂಕಿನ ಮಾಡಬಾಳಿನ 1340ರ, ಮೂರನೇ ಬಲ್ಲಾಳನ ಕಾಲದ ಶಾಸನದಲ್ಲಿ ಇದು ಸಾವಂದಿ. ಬೆಟ್ಟದ ಬುಡದ ದೇವರು ಇವತ್ತಿಗೂ ಸಾವಂದಿ ವೀರಭದ್ರಸ್ವಾಮಿಯೇ. ಅಚ್ಯುತರಾಯನ ಕಾಲದ ಸಾಮಂತರಾಯನಿಂದ ಸಾಮಂತದುರ್ಗವಾಗಿ ಸಾವನದುರ್ಗವಾಯಿತು ಎನ್ನುವವರೂ ಇದ್ದಾರೆ. ಯಾವುದನ್ನೇ ಒಪ್ಪಿದರೂ ಅದರೊಳಗೆ ಸಾವು ಇಲ್ಲ. ಆದರೆ 'ಸಾವಿನ ಬಂಡೆ'ಯನ್ನು ಗೆದ್ದೆವು ಎಂದರೆ ಲಂಡನ್ನಿನಲ್ಲಿ ಕೇಳುವವರ ಮೈ ಜುಮ್ಮೆನ್ನುತ್ತದೆ, 'ಸಾವಂದಿ ಬೆಟ್ಟ' ಗೆದ್ದೆವು ಎಂದರೆ ಯಾರು ಕೇಳುತ್ತಾರೆ? ನಾವೂ ಈಗ ಅದೇ ಅರ್ಥವನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತಿದ್ದೇವೆ.

ಎತ್ತರದ ಕಥೆಯೂ ಅಷ್ಟೆ. ಬೆಟ್ಟದ ನೇರ ಎತ್ತರ ಅರ್ಧ ಮೈಲಿಗೂ ಹೆಚ್ಚೆಂದು ಎಣಿಸಲಾಗಿದೆ ಎಂದು ಡಿರಮ್ ಬರೆಯುತ್ತಾನೆ. ಎಣಿಸಿದವರು ಯಾರು ಎಂದು ಬರೆಯುವುದಿಲ್ಲ. ಅರ್ಧ ಮೈಲಿ ಎಂದರೆ ಸುಮಾರು 800 ಮೀಟರು. ಸಾವನದುರ್ಗದ ತುದಿ ಸಮುದ್ರ ಮಟ್ಟದಿಂದ 1,226 ಮೀಟರು, ಬುಡದಿಂದ ಲೆಕ್ಕ ಹಾಕಿದರೆ ನಾಲ್ಕು ನೂರು ಮೀಟರಿನ ಆಸುಪಾಸು. ಬೆಟ್ಟ ಒಂದಕ್ಕೆರಡಾಗಿದೆ. ಆ ಯುದ್ಧದ ಜೊತೆಗೇ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರಿನ ಚಿತ್ರಗಳಲ್ಲೂ ಈ ಬಂಡೆ ಮೋಡ ಮುಟ್ಟುವಂತೆ ನಿಂತಿದೆ. ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಯ ಗೋಡೆಯ ಮೇಲೂ ಅದರ ಒಂದು ಪ್ರತಿ ಇದೆ. ಆದರೆ ಅದನ್ನು ನೋಡಿ ಮುತ್ತಿಗೆಯ ಕಷ್ಟ ಅಳೆಯಬಾರದು.

ಇನ್ನು 'ಯಾರೂ ಗೆಲ್ಲಲಾಗದ ಕೋಟೆ' ಎಂಬ ಮಾತು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಕೆಂಪೇಗೌಡರ ವಂಶ ಮಾಗಡಿಗೆ ಸರಿದು ಈ ಬೆಟ್ಟವನ್ನು ನೆಚ್ಚಿಕೊಂಡಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದ. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಸ್ಟುವರ್ಟ್ ಬಂದಾಗ ಅದಾಗಿ 63 ವರ್ಷ. ಆ ಸೋಲನ್ನು ಕಂಡ ಮುದುಕರು ಮಾಗಡಿ ಪೇಟೆಯಲ್ಲಿ ಇನ್ನೂ ಬದುಕಿದ್ದರೆ ಆಶ್ಚರ್ಯವಿಲ್ಲ. ಒಮ್ಮೆ ಬಿದ್ದ ಕೋಟೆಯನ್ನು ಎಂದೂ ಬೀಳದ ಕೋಟೆ ಎಂದು ಕರೆದವರು, ಅದನ್ನು ಬೀಳಿಸಿದ ಹಿರಿಮೆ ಬೇಕಾಗಿದ್ದವರು.

ಇದಕ್ಕೆಲ್ಲ ಕಳಶವಿಟ್ಟಂತೆ ಟಿಪ್ಪುವಿನ ಬಾಯಿಗೆ ಹಾಕಿದ ಒಂದು ಮಾತಿದೆ. ಇಂಗ್ಲಿಷರು ಸಾವನದುರ್ಗಕ್ಕೆ ಮುತ್ತಿಗೆ ಹಾಕಿದರೆಂದು ಕೇಳಿ ಸುಲ್ತಾನ ಖುಷಿಪಟ್ಟನಂತೆ, ಯುರೋಪಿಯನರಲ್ಲಿ ಅರ್ಧ ಜನ ಅಲ್ಲಿಯ ಕೆಟ್ಟ ಹವೆಗೆ ಸಾಯುತ್ತಾರೆ, ಇನ್ನರ್ಧ ಬೆಟ್ಟ ಹತ್ತುವಾಗ ಸಾಯುತ್ತಾರೆ ಎಂದನಂತೆ. ಎಲ್ಲ ಪುಸ್ತಕದಲ್ಲೂ ಇದೆ. ಕೇಳಿಸಿಕೊಂಡವರು ಯಾರು? ಆ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರಿನ ಒಳಸುದ್ದಿ ತರುತ್ತಿದ್ದವರು ಹರಿಕಾರರು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬವನು ಗಡಿಯಾಚೆ ಆಂಬೂರಿನಲ್ಲಿ ಕೂತು ಇಂಥವರ ಜಾಲ ನಡೆಸುತ್ತಿದ್ದ. ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಯುದ್ಧಕ್ಕೆ ಮುಂಚೆ ಅಲ್ಲೇ ಅವನ ಕೈಕೆಳಗಿದ್ದ. ಫಕೀರನ ವೇಷದಲ್ಲೋ ವ್ಯಾಪಾರಿಯ ವೇಷದಲ್ಲೋ ತಿರುಗುವ ಹರಿಕಾರ ಸಂತೆಯಲ್ಲಿ ಕೇಳಿದ್ದನ್ನು ದುಭಾಷಿಗೆ ಹೇಳಿ, ದುಭಾಷಿ ಸಾಹೇಬರಿಗೆ ಹೇಳಿ, ಸಾಹೇಬರು ಬರೆದುಕೊಂಡರೆ ಅದು ಗುಪ್ತ ಮಾಹಿತಿ. ಕಾಸು ಕೊಡುವವರಿಗೆ ಯಾವ ಸುದ್ದಿ ಇಷ್ಟ ಎಂದು ಹರಿಕಾರನಿಗೆ ಗೊತ್ತಿರುವುದಿಲ್ಲವೇ? ಗೆದ್ದ ಮೇಲೆ ಇಂಥ ಮಾತಿನ ಬೆಲೆ ಏರುತ್ತದೆ, ಸೋತಿದ್ದರೆ ಅದು ಪುಸ್ತಕಕ್ಕೇ ಬರುತ್ತಿರಲಿಲ್ಲ.

ಕದ್ದು ಕೇಳಿದ ಸುದ್ದಿಯನ್ನು ನಂಬಿ ಚರಿತ್ರೆ ಕಟ್ಟುವ ಕಷ್ಟ ಬರೀ ಹರಿಕಾರರ ಕಾಲದ್ದಲ್ಲ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತಲ್ಲ, ಆ ಬಂದರಿನಲ್ಲೇ ಅಮೆರಿಕದ ನೌಕಾಪಡೆಯ ಸಂಕೇತ ಬಿಡಿಸುವ ಘಟಕವಿತ್ತು, ಅದರ ಮುಖ್ಯಸ್ಥ ಜೋಸೆಫ್ ರೋಶ್‌ಫರ್ಟ್. 'ಎಲ್ಲ ಗೊತ್ತಿದ್ದೂ ರೂಸ್‌ವೆಲ್ಟ್ ಸುಮ್ಮನಿದ್ದ' ಎಂಬ ವಾದ ಅಮೆರಿಕದಲ್ಲಿ ಎಂಟು ದಶಕದಿಂದ ನಡೆದಿದೆ. ರಾಬರ್ಟ್ ಸ್ಟಿನೆಟ್ ಅದನ್ನೇ ದೊಡ್ಡ ಪುಸ್ತಕ ಮಾಡಿದ. ಸಂಕೇತಗಳ ಚರಿತ್ರೆ ಬಲ್ಲವರು ಅದನ್ನು ಒಪ್ಪಲಿಲ್ಲ. ಕಾರಣ ಸರಳ. ಜಪಾನಿ ನೌಕಾಪಡೆಯ ಮುಖ್ಯ ಸಂಕೇತದಲ್ಲಿ ಆ ತಿಂಗಳುಗಳಲ್ಲಿ ಬಂದ ಸಂದೇಶಗಳನ್ನು ಹಿಡಿದಿಟ್ಟಿದ್ದರೇ ಹೊರತು ಓದಲು ಆಗಿರಲಿಲ್ಲ. ಬಹುಪಾಲನ್ನು ಬಿಡಿಸಿದ್ದು ಯುದ್ಧ ಮುಗಿದ ಮೇಲೆ, 1945–46ರಲ್ಲಿ. ಹಿಡಿದದ್ದೆಲ್ಲ ಓದಿದ್ದಲ್ಲ, ಓದಿದ್ದೆಲ್ಲ ಅರ್ಥವಾದದ್ದೂ ಅಲ್ಲ. ರೊಬರ್ಟಾ ವೋಲ್‌ಸ್ಟೆಟರ್ 1962ರಲ್ಲೇ ಈ ತೊಡಕನ್ನು ಬಿಡಿಸಿ ತೋರಿಸಿದ್ದರು: ಸುಳಿವುಗಳು ಬೇಕಾದಷ್ಟಿದ್ದವು, ಗದ್ದಲದೊಳಗೆ ಸೇರಿಹೋಗಿದ್ದವು. ನಡೆದ ಮೇಲೆ ಹಿಂತಿರುಗಿ ನೋಡುವವರಿಗೆ ಸುಳಿವಷ್ಟೇ ಕಾಣುತ್ತದೆ, ಗದ್ದಲ ಕಾಣುವುದಿಲ್ಲ. (ಆ ಯುದ್ಧದಲ್ಲಿ ನಮ್ಮ ಬೆಂಗಳೂರಿನಲ್ಲೂ ಜಪಾನಿ ಸಂದೇಶಗಳನ್ನು ಹಿಡಿಯುವ ಕೇಂದ್ರವೊಂದಿತ್ತು, ದೆಹಲಿಯ ಆನಂದ ಪರ್ವತದ ಮೇಲಿದ್ದ ಮುಖ್ಯ ಕೇಂದ್ರದ ಶಾಖೆ. ಅದರ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಬರೆಯಬೇಕು.)

ಪರ್ಲ್ ಹಾರ್ಬರಿನ ಮಾತು ಇಲ್ಲಿಗೇಕೆ ಬಂತೆಂದರೆ, 'ರೂಸ್‌ವೆಲ್ಟ್‌ಗೆ ಗೊತ್ತಿತ್ತು' ಎಂಬುದಕ್ಕೂ 'ಒಳಗಿನೋರೇ ಬಾಗಿಲು ತೆಗೆದರು' ಎಂಬುದಕ್ಕೂ ಹುಟ್ಟು ಒಂದೇ. ಪೆಟ್ಟು ತಿಂದವರಿಗೆ, ನಮ್ಮನ್ನು ಹೊಡೆದವನು ನಮಗಿಂತ ಚೆನ್ನಾಗಿ ಕೆಲಸ ಮಾಡಿದ್ದ ಎಂದು ಒಪ್ಪಿಕೊಳ್ಳುವುದಕ್ಕಿಂತ ಮನೆಯೊಳಗೆ ಒಬ್ಬ ಕಳ್ಳನನ್ನು ಹುಡುಕುವುದು ಹಗುರ. ಸಾವನದುರ್ಗದಲ್ಲಿ ಆ ಕಳ್ಳ ಬೇಕಾಗಿಯೇ ಇಲ್ಲ. ಬಾಗಿಲು ತೆಗೆಯುವವನಿದ್ದಿದ್ದರೆ ಸ್ಟುವರ್ಟ್ ಗೋಡೆ ಒಡೆಯುವುದಕ್ಕೆ ಅಷ್ಟು ದಿನ ಬೆವರು ಹರಿಸುತ್ತಿದ್ದನೇ? ದ್ರೋಹದ ಕಥೆಗೆ ಇಷ್ಟು ಸಾಕು. ಅದರ ಮೇಲೆ ಇನ್ನೊಂದು ಸಾಲು ಖರ್ಚು ಮಾಡಲಾರೆ.

ಅಷ್ಟು ದಿನ ಅಂದೆ. ನನ್ನ ವಾದವೆಲ್ಲ ಇರುವುದು ಆ ದಿನಗಳಲ್ಲಿ. 10ರಿಂದ 21ಕ್ಕೆ ಹನ್ನೊಂದು ದಿನ. ನಾವು ಕೊನೆಯ ಒಂದು ಗಂಟೆಯನ್ನು ಹಿಡಿದುಕೊಂಡು ಆ ಹನ್ನೊಂದು ದಿನವನ್ನು ಬಿಟ್ಟುಬಿಟ್ಟೆವು.

ಬೆಟ್ಟದ ಸುತ್ತ ಆಗ ಮೈಲಿಗಟ್ಟಲೆ ಕಾಡು. ಬಂಡೆಗಳ ನಡುವೆ ಮರ, ಮರಗಳ ನಡುವೆ ಬೇಕೆಂದೇ ನೆಟ್ಟು ಬೆಳೆಸಿದ ಬಿದಿರು ಮೆಳೆ. ಬಿದಿರು ಮೆಳೆ ಕಡಿದವರಿಗೆ ಗೊತ್ತು. ಒಂದು ಗಳು ಕಡಿದರೆ ಅದು ಬೀಳುವುದಿಲ್ಲ, ಮೇಲೆ ಮುಳ್ಳುಕೊಂಬೆಗಳು ಹೆಣೆದುಕೊಂಡು ಅಲ್ಲೇ ತೂಗುತ್ತದೆ, ಎಳೆದರೆ ಮೈಮೇಲೆ ಬರುತ್ತದೆ. ನಮ್ಮ ತೋಟದ ಬದುವಿನ ಒಂದೇ ಒಂದು ಹಿಂಡಲನ್ನು ತೆಗೆಸಲು ನಾಲ್ಕು ಆಳಿಗೆ ಎರಡು ದಿನ ಹಿಡಿಯಿತು, ಒಬ್ಬನ ಅಂಗೈ ಬಗಿಯಿತು. ಅಂಥ ಕಾಡಿನೊಳಗೆ ಕೋಟೆ ಒಡೆಯುವ ತೋಪು ಹೋಗುವಷ್ಟು ಅಗಲದ ದಾರಿ ಬೇಕು. ತೋಪಿನ ದಾರಿ ಕಾಲುದಾರಿಯಲ್ಲ. ಬಂಡೆ ಸಿಕ್ಕರೆ ಸುತ್ತಬೇಕು ಇಲ್ಲವೇ ಒಡೆಯಬೇಕು, ಹಳ್ಳ ಸಿಕ್ಕರೆ ತುಂಬಬೇಕು, ಏರಿನಲ್ಲಿ ಎತ್ತು ಜಗ್ಗದಿದ್ದರೆ ಹಿಂದಿನಿಂದ ಆನೆ ಹಣೆ ಕೊಟ್ಟು ನೂಕಬೇಕು. ಒಂದು ವಾರದಲ್ಲಿ ಈ ಕೆಲಸ ಮುಗಿದು 17ಕ್ಕೆ ತೋಪು ಮಾತಾಡಿತು. ಕಾಡನ್ನು ಕೋಟೆಯ ಕಾವಲೆಂದು ಬೆಳೆಸಿದ್ದರು. ದಾರಿಯಾದ ಮೇಲೆ ಅದೇ ಕಾಡು ದಾಳಿಯವರಿಗೆ ಮರೆಯಾಯಿತು, ಮೇಲಿನವರಿಗೆ ಕೆಳಗಿನವರು ಕಾಣದಂತಾಯಿತು. ಇಡೀ ಮುತ್ತಿಗೆಯಲ್ಲಿ ನಿಜವಾಗಿ ತಲೆ ತಿರುಗಿಸುವ ಸಂಗತಿ ಇದು. ಪುಸ್ತಕಗಳು ಇದನ್ನು ಹೇಳಿ ಮುಂದೆ ಹೋಗುತ್ತವೆ, ಬ್ಯಾಂಡು ಬಾರಿಸಿದ್ದರ ಮೇಲೆ ನಿಲ್ಲುತ್ತವೆ.

ದಾರಿ ಕಡಿದವರು ಯಾರು? 52ನೇ, 72ನೇ ರೆಜಿಮೆಂಟಿನ ಕೆಂಪು ಕೋಟಿನವರಲ್ಲ. ಮದ್ರಾಸ್ ಸೈನ್ಯದ ಪಯನೀರುಗಳು. 1780ರಲ್ಲಿ ಎರಡು ಕಂಪನಿಯಾಗಿ ಶುರುವಾದ ಈ ಪಡೆಯಲ್ಲಿ ಇದ್ದವರು ತಮಿಳು ಸೀಮೆಯ ಬಡ ಕೂಲಿಕಾರರು, ಗುದ್ದಲಿ ಪಿಕಾಸಿ ಹಿಡಿದವರು. ಅದರ ವಂಶದ ಪಡೆ ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿದೆ. ಮೆಟ್ರೊದಲ್ಲಿ ಕೂತು ಆ ಗೇಟು ದಾಟುವಾಗಲೆಲ್ಲ ನನಗೆ ಬಿದಿರು ನೆನಪಾಗುತ್ತದೆ. ಅವರ ಹಿಂದೆ ತೋಪಿನ ಲಸ್ಕರರು, ಎತ್ತಿನವರು, ಮಾವುತರು. ಅವರಿಗೆಲ್ಲ ಅಕ್ಕಿ ಬೇಳೆ ತಂದವರು ಲಂಬಾಣಿಗಳು. ಹೇರೆತ್ತಿನ ಸಾಲು ಕಟ್ಟಿಕೊಂಡು ಸಾವಿರಾರು ಎತ್ತಿನ ಮೇಲೆ ಧಾನ್ಯ ಸಾಗಿಸುವ ಇವರನ್ನು ಕಂಪನಿಯ ಕಡೆಗೆ ಒಲಿಸಿಕೊಂಡವನು ಕೂಡ ಅದೇ ಹರಿಕಾರರ ರೀಡ್. ಹಿಂದಿನ ಮೇ ತಿಂಗಳಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಅರಿಕೆರೆಯಲ್ಲಿ ಯುದ್ಧ ಗೆದ್ದೂ ಶ್ರೀರಂಗಪಟ್ಟಣದ ಬಾಗಿಲಿಂದ ವಾಪಸು ಬಂದದ್ದು ಅನ್ನವಿಲ್ಲದೆ, ಎತ್ತುಗಳು ಸತ್ತು ಬಿದ್ದು. ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬಿಟ್ಟು ಬಂದಿದ್ದ. ಆರು ತಿಂಗಳಲ್ಲಿ ಅವನು ಕಲಿತ ಪಾಠ ಎತ್ತು ಮತ್ತು ದಾರಿಯ ಪಾಠ. ಸಾವನದುರ್ಗ ಅದರ ಪರೀಕ್ಷೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆ ಹೋಗುವ ಧಾನ್ಯದ ಸಾಲುಗಳ ಮೇಲೆ ಈ ಬೆಟ್ಟದಿಂದ ಇಳಿದು ಬಂದು ಬೀಳಬಹುದಿತ್ತು. ಅದಕ್ಕೇ ಇದನ್ನು ತೆಗೆಯಲೇಬೇಕಾಯಿತು.

'ಒಬ್ಬನೂ ಸಾಯಲಿಲ್ಲ' ಎಂಬ ಲೆಕ್ಕ ಬರೆದದ್ದು ಯಾವ ಪುಟದಲ್ಲಿ ಎಂದು ಈಗ ನೋಡಿ. ಅದು 21ನೇ ತಾರೀಖಿನ ಆ ಒಂದು ಗಂಟೆಯ ಪುಟ. ಗೋಡೆ ಹತ್ತಿದವರ ಲೆಕ್ಕ. ಸೈನ್ಯದ ಪಟ್ಟಿಯಲ್ಲಿ ಬಂದೂಕು ಹಿಡಿದವನಿಗೆ ಹೆಸರಿರುತ್ತದೆ, ಅವನ ಹಿಂದೆ ಎತ್ತು ಹೊಡೆದು ಬಂದವನಿಗೆ ಅಂದಾಜು ಸಂಖ್ಯೆ ಇದ್ದರೆ ಹೆಚ್ಚು. ಸಾವನದುರ್ಗದ ಗೆಲುವಿನ ಬೆಲೆಯನ್ನು ಆ ಗಂಟೆಯಿಂದ ಅಳೆಯುವುದೆಂದರೆ ಮದುವೆ ಖರ್ಚನ್ನು ತಾಳಿ ಕಟ್ಟಿದ ಮುಹೂರ್ತದಿಂದ ಅಳೆದಂತೆ.

'ಹೆದರಿ ಓಡಿದರು' ಎಂಬ ಮಾತು ಉಳಿದಿದೆ. ಅಧಿ‌ಕೃತ ಕಥೆ ಹೀಗಿದೆ. ಒಡೆದ ಗೋಡೆಯನ್ನು ಕಾಯಲು ಮೇಲಿನಿಂದ ಒಂದು ದೊಡ್ಡ ಗುಂಪು ಇಳಿದು ಬಂದಿತ್ತು. ಯುರೋಪಿಯನರು ನುಗ್ಗಿದ್ದನ್ನು ಕಂಡದ್ದೇ ಗಾಬರಿಬಿದ್ದು ಓಡಿತು. ಕ್ಯಾಪ್ಟನ್ ಮಾನ್ಸನ್ನನ ತುಕಡಿ ಪಶ್ಚಿಮದ ಶಿಖರದವರನ್ನು ಬೆನ್ನಟ್ಟಿ, ಅವರು ಬಾಗಿಲು ಹಾಕುವ ಮೊದಲೇ ಅವರ ಜೊತೆಯಲ್ಲೇ ಒಳಗೆ ನುಗ್ಗಿತು. ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಜನ ಬಂಡೆಯ ಅಂಚಿನಿಂದ ಕೆಳಗೆ ಬಿದ್ದರು.

ಮೂರು ವರ್ಷದ ಹಿಂದೆ ಡಿಸೆಂಬರಿನ ಒಂದು ಬೆಳಿಗ್ಗೆ ಅಣ್ಣನ ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ಮೊದಲೂ ಹತ್ತಿದ್ದೆ, ಈ ಪುಸ್ತಕಗಳನ್ನು ತಲೆಯಲ್ಲಿಟ್ಟುಕೊಂಡು ಹತ್ತಿದ್ದು ಅದೇ ಮೊದಲು. ಸಾವನದುರ್ಗದ ವಿಚಿತ್ರ ಏನೆಂದರೆ ಅದಕ್ಕೆ ಮೆಟ್ಟಿಲಿಲ್ಲ, ಮಣ್ಣಿಲ್ಲ, ಹಿಡಿಯಲು ಗಿಡವೂ ಇಲ್ಲ. ಬೋಳು ಬಂಡೆ, ತೊಳೆದಿಟ್ಟ ಕಡಲೆಯ ಬೆನ್ನಿನ ಹಾಗೆ. ಹತ್ತುವಾಗ ಬಂಡೆ ಕಾಲಿನ ಹಿಡಿತಕ್ಕೆ ಸಿಗುತ್ತದೆ, ಮುಂಗಾಲ ಮೇಲೆ ಭಾರ ಹಾಕಿ ಹೋಗಬಹುದು. ಇಳಿಯುವಾಗಲೇ ಕಷ್ಟ. ಇಬ್ಬನಿ ಆರಿರಲಿಲ್ಲ. ಅರ್ಧ ದಾರಿಯಲ್ಲಿ ನಮ್ಮ ಹುಡುಗ ಶೂ ಕಳಚಿ ಕೊರಳಿಗೆ ಹಾಕಿಕೊಂಡು, ಕುಂಡಿ ಊರಿಕೊಂಡು ಜಾರುತ್ತಾ ಇಳಿದ. ಪ್ಯಾಂಟು ಹರಿಯಿತು. ಅತ್ತಿಗೆಯ ಹತ್ತಿರ ಬೈಸಿಕೊಂಡವನು ನಾನು.

ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡ ಗೋಡೆಗಳ ತುಂಡುಗಳಿವೆ. ಅಂಥ ಒಂದು ತುಂಡಿನ ಹತ್ತಿರ ಕೂತು, ಹುಡುಗನಿಗೆ ಐವತ್ತು ಮಾರು ಕೆಳಗೆ ಹೋಗಿ ನಿಂತು ನಾನು ಕೂಗಿದಾಗ ಓಡಿ ಬಾ ಎಂದೆ. ಹತ್ತೊಂಬತ್ತು ವರ್ಷದವನು, ವಾಲಿಬಾಲ್ ಆಡುವವನು. ಬಂದು ನನ್ನ ಪಕ್ಕ ಬಿದ್ದಾಗ ಮಾತಾಡಲು ಉಸಿರಿರಲಿಲ್ಲ. ಅವನ ಕೈಯಲ್ಲಿ ಬಂದೂಕಿರಲಿಲ್ಲ, ಸೊಂಟದಲ್ಲಿ ಕತ್ತಿಯಿರಲಿಲ್ಲ, ಹಿಂದೆ ಬಯೊನೆಟ್ ಹಿಡಿದವರು ಬರುತ್ತಿರಲಿಲ್ಲ.

ಕೋಟೆ ಕಾಯುವವರು ಗೋಡೆ ಒಡೆದಲ್ಲಿಗೆ ಇಳಿದು ಬಂದದ್ದು ಅವರ ಕೆಲಸ. ಹೇಡಿಗಳಾಗಿದ್ದರೆ ಇಳಿಯುತ್ತಲೇ ಇರಲಿಲ್ಲ. ನಾಲ್ಕು ದಿನ ತೋಪಿನೇಟು ತಿಂದ ಗೋಡೆಯ ಹಿಂದೆ ನಿಂತವರಿಗೆ ಕಾಡಿನ ಮರೆಯಿಂದ ಒಮ್ಮೆಲೇ ದಂಡು ಎದುರಾದಾಗ ಇದ್ದ ದಾರಿ ಎರಡು: ಅಲ್ಲೇ ಸಾಯುವುದು, ಇಲ್ಲವೇ ಮೇಲಿನ ಒಳಕೋಟೆಗೆ ಹಿಂದೆ ಸರಿದು ಅಲ್ಲಿ ಕಾಯುವುದು. ಹೊರಗೋಡೆ ಹೋದರೆ ಒಳಗೋಡೆಗೆ ಸರಿಯುವುದು ಬೆಟ್ಟದ ಕೋಟೆಯ ಮೊದಲ ಪಾಠ. ನಮ್ಮ ದುರ್ಗಗಳಿಗೆ ಸುತ್ತಿನ ಮೇಲೆ ಸುತ್ತು ಕಟ್ಟಿದ್ದೇ ಅದಕ್ಕೆ. ಸಾವನದುರ್ಗ ಕೈಕೊಟ್ಟದ್ದು ಅಲ್ಲಿ. ಈ ಬೋಳು ಬಂಡೆಯ ಮೇಲೆ ಹಿಂದೆ ಸರಿಯುವುದೆಂದರೆ ಬೆನ್ನು ತೋರಿಸಿ ಕಡಿದಾದ ಏರು ಹತ್ತುವುದು. ಹತ್ತುವವನಿಗೂ ಬೆನ್ನಟ್ಟುವವನಿಗೂ ಇರುವುದು ಒಂದೇ ಇಕ್ಕಟ್ಟಿನ ಜಾಡು. ಮೇಲಿನ ಬಾಗಿಲಲ್ಲಿ ನಿಂತವನು ತನ್ನವರು ಒಳಗೆ ಬರಲಿ ಎಂದು ತೆರೆದಿಟ್ಟರೆ ಶತ್ರುವೂ ಬರುತ್ತಾನೆ, ಹಾಕಿದರೆ ತನ್ನವರು ಹೊರಗೆ ಸಾಯುತ್ತಾರೆ. ಸಾಲದ್ದಕ್ಕೆ ಇದು ಒಂದು ಕೋಟೆಯಲ್ಲ, ಎರಡು. ಕರಿಗುಡ್ಡ, ಬಿಳಿಗುಡ್ಡಗಳ ನಡುವೆ ಆಳವಾದ ಸೀಳು. ಒಂದರ ಮೇಲಿನವರು ಇನ್ನೊಂದರಲ್ಲಿ ನಡೆಯುವ ಕೊಲೆಯನ್ನು ನೋಡಬಹುದೇ ಹೊರತು ಓಡಿ ಹೋಗಿ ಕೈಗೂಡಿಸಲಾಗುವುದಿಲ್ಲ. ಯಾವ ಸೀಳು ಎರಡು ಕೋಟೆಗಳ ಬಲ ಎಂದು ಹೊಗಳಿದರೋ ಅದೇ ಅಂದು ಎರಡನ್ನೂ ಒಂಟಿ ಮಾಡಿತು.

ಪಶ್ಚಿಮದ ಶಿಖರದಲ್ಲಿ ಬಿದ್ದ ಆ ನೂರು ಹೆಣಗಳನ್ನು ಬೆನ್ನಟ್ಟಿದವರ ಶೌರ್ಯಕ್ಕೆ ಜಮಾ ಮಾಡಿದ್ದಾರೆ. ಬೆಟ್ಟ ನೋಡಿದವನು ನಾನು ಅವನ್ನು ಬಾಗಿಲ ಬಾಯಲ್ಲಿ ಸಿಕ್ಕಿಕೊಂಡವರ ಖಾತೆಗೆ ಬರೆಯುತ್ತೇನೆ. 'ಗಾಬರಿ' ಎನ್ನುವುದು ಕೆಳಗೆ ನಿಂತು ದುರ್ಬೀನಿನಲ್ಲಿ ನೋಡಿದವನು ಕೊಟ್ಟ ಹೆಸರು.

ಇಷ್ಟೆಲ್ಲ ಬಣ್ಣ ಯಾಕೆ ಬೇಕಿತ್ತು ಎಂದು ಕೇಳಬಹುದು. ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನರಿಗೆ ಶರಣಾಗಿ ಬಂದ ಮನುಷ್ಯ. ಹತ್ತು ವರ್ಷದ ಮೇಲೆ ಶ್ರೀರಂಗಪಟ್ಟಣದಿಂದಲೂ ಹಿಂದೆ ಸರಿದಾಗ ಲಂಡನ್ನಿನಲ್ಲಿ ಈ ಯುದ್ಧವೇ ತಪ್ಪು ಎನ್ನುವವರಿಗೆ ಬಾಯಿ ಬಂತು. ಎಂಟಾಣೆ ವರದಿಗೂ ಹನ್ನೆರಡಾಣೆ ಬೆಲೆ ಇದ್ದ ಕಾಲ. ನಂದಿದುರ್ಗ ಅಕ್ಟೋಬರ್ 19ಕ್ಕೆ, ಸಾವನದುರ್ಗ ಡಿಸೆಂಬರ್ 21ಕ್ಕೆ, ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣ, ಮಾರ್ಚಿನಲ್ಲಿ ಒಪ್ಪಂದ. ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಕೊಟ್ಟ. ಒಳಗಿನವರಿಗೇ ಎಲ್ಲವೂ ಸರಿ ಕಂಡಿರಲಿಲ್ಲ. ಮನ್ರೋ ಮನೆಗೆ ಬರೆದ ಪತ್ರಗಳಲ್ಲಿ ಆ ಸಂಧಿಯನ್ನು ಚೆನ್ನಾಗಿಯೇ ಟೀಕಿಸಿದ. ಅಚ್ಚಾದ ಪುಸ್ತಕದಲ್ಲಿ ಅಂಥ ದನಿ ಕೇಳುವುದಿಲ್ಲ.

ಗೆದ್ದವರು ಬರೆದ ಲೆಕ್ಕವನ್ನು ಹಾಗೇ ಒಪ್ಪುವ ಚಾಳಿ ನಮಗೆ ನಮ್ಮದೇ ಗೆಲುವಿನಲ್ಲೂ ಇದೆ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಂಗ್ಲಿಷರನ್ನು ಮಾತ್ರ ಜರೆದ ಹಾಗಾಗುತ್ತದೆ. 1971ರ ಡಿಸೆಂಬರ್ 3–4ರ ನಡುರಾತ್ರಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಜಲಾಂತರ್ಗಾಮಿ ಗಾಜಿ ಮುಳುಗಿತು. ಅದು ನಮ್ಮ ವಿಮಾನವಾಹಕ ನೌಕೆ ವಿಕ್ರಾಂತನನ್ನು ಹುಡುಕಿ ಬಂದಿತ್ತು. ಚಿತ್ತಗಾಂಗಿಗೆ ಹೋದ ಒಂದು ಸಂದೇಶ, ಜಲಾಂತರ್ಗಾಮಿಗೆ ಬೇಕಾಗುವ ಬಗೆಯ ಎಣ್ಣೆಯ ವಿಚಾರಣೆ, ನಮ್ಮವರ ಕೈಗೆ ಸಿಕ್ಕಿ ಗುಟ್ಟು ಬಿಟ್ಟುಕೊಟ್ಟಿತು. ವಿಕ್ರಾಂತ ಅಂಡಮಾನಿನ ಕಡೆ ಅಡಗಿತ್ತು. ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಹೂಡಿದ ಆ ಮೋಸದ ಆಟ ಅಪ್ಪಟ ಜಾಣತನ, ಅದಕ್ಕೆ ಯಾರ ಸಾಕ್ಷಿಯೂ ಬೇಡ. ಆದರೆ ಗಾಜಿಯನ್ನು ಮುಳುಗಿಸಿದ್ದು ಐಎನ್‌ಎಸ್ ರಾಜಪೂತ್ ಎಸೆದ ಸಿಡಿಗುಂಡೇ, ಅಥವಾ ಗಾಜಿಯೊಳಗೇ ಆದ ಸ್ಫೋಟವೇ? ನಮ್ಮ ನೌಕಾಪಡೆಯ ಹಿರಿಯರಲ್ಲೇ ಒಮ್ಮತವಿಲ್ಲ. 2010ರಲ್ಲಿ, ಆ ಘಟನೆಯ ಕಡತಗಳೇ ನಾಶವಾಗಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. 2017ರಲ್ಲಿ ಸಿನಿಮಾ ಬಂತು. ಜನ ಕಡತವನ್ನು ಮರೆತು ಸಿನಿಮಾ ನೋಡಿದರು, ನಾನೂ ಮಾಗಡಿಗೆ ಹೋಗಿ ನೋಡಿದೆ. ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎನ್ನದೆ, ಕಡತ ಎಲ್ಲಿ ಎಂದು ಕೇಳುವ ಓದುಗರು ನಮ್ಮಲ್ಲಿ ಇನ್ನಷ್ಟು ಬೇಕು.

ಸಾವನದುರ್ಗದ ವಿಷಯದಲ್ಲೂ ಇಲ್ಲದಿರುವುದು ಎದುರು ಕಡತ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಟಿಪ್ಪುವಿನ ಪುಸ್ತಕ, ಕಾಗದಗಳನ್ನು ಕಂಪನಿ ಹೊತ್ತುಕೊಂಡು ಹೋಯಿತು. ಟಿಪ್ಪುವಿನ ಕಡೆಯವನಾಗಿದ್ದ ಕೀರ್ಮಾನಿ ಪಾರ್ಸಿಯಲ್ಲಿ ಚರಿತ್ರೆ ಬರೆದದ್ದು ರಾಜ್ಯ ಹೋದ ಮೇಲೆ. ಕೊನೆಗೆ ಈ ಸೀಮೆಯ ಹೆಸರೂ ಗೆದ್ದವರ ಕಚೇರಿಗೆ ಸೇರಿತು. ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು, ಇದೇ ಯುದ್ಧದಲ್ಲಿ ಮದ್ರಾಸ್ ಸೈನ್ಯದ ಡೆಪ್ಯುಟಿ ಅಡ್ಜುಟೆಂಟ್ ಜನರಲ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ. ಊರಿನ ಹೆಸರು ಬದಲಾಯಿತು, ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಭೂವಿಜ್ಞಾನಿಗಳ ಪುಸ್ತಕದಲ್ಲಿ ಮಾತ್ರ ಸಾವನದುರ್ಗದ ಕಲ್ಲು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್'. ಇನ್ನೂರೈವತ್ತು ಕೋಟಿ ವರ್ಷದ ಬಂಡೆ ಒಬ್ಬ ಸೈನ್ಯಾಧಿಕಾರಿಯ ಹೆಸರು ಹೊತ್ತು ಕೂತಿದೆ.

ತಿಪ್ಪಸಂದ್ರ, ಕುದೂರು, ಸೋಲೂರು, ಮಾಡಬಾಳು ಕಡೆಯ ಹಳೇ ಮನೆಗಳವರಲ್ಲಿ ಒಂದು ಮಾತು. ಅಟ್ಟದ ಮೇಲೆ ಶಾನುಭೋಗರ ಕಾಲದ ಕಡತವೋ, ಪಟೇಲರ ಲೆಕ್ಕದ ಕಟ್ಟೋ, ಮೋಡಿ ಅಕ್ಷರದ ಕಾಗದವೋ ಇದ್ದರೆ, ಓದಲು ಬರುವುದಿಲ್ಲವೆಂದು ಹಂಡೆ ಒಲೆಗೆ ಹಾಕಬೇಡಿ. 1791ರ ಆ ಡಿಸೆಂಬರಿನಲ್ಲಿ ಯಾವ ಊರಿನಿಂದ ಎಷ್ಟು ಎತ್ತು ಹಿಡಿದುಕೊಂಡು ಹೋದರು, ಯಾವ ಊರಿನ ರಾಗಿ ಯಾರ ದಂಡಿಗೆ ಹೋಯಿತು ಎಂದು ಅದರಲ್ಲಿ ಒಂದೇ ಸಾಲು ಇದ್ದರೂ ಸಾಕು. ಮೋಡಿ ಓದುವವರು ಇನ್ನೂ ಇದ್ದಾರೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕೊಡಿ, ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಕೊಡಿ, ಅದೂ ಆಗದಿದ್ದರೆ ಮೊಬೈಲಿನಲ್ಲಿ ಒಂದೊಂದು ಹಾಳೆಯ ಚಿತ್ರ ತೆಗೆದಾದರೂ ಇಡಿ.